ಜೋತು ಬಿದ್ದ ಹಗ್ಗವೇ ಗಟ್ಟಿ

ಜರ್ಮನಿಯ ಬಾಡ್ ರೈಖೆನ್‌ಹಾಲ್ ಊರಿನಿಂದ 1613 ಮೀಟರ್ ಎತ್ತರದ ಪ್ರೆಡಿಗ್ಟ್‌ಸ್ಟೂಲ್ ಬೆಟ್ಟಕ್ಕೆ ಒಂದು ರೋಪ್‌ವೇ ಇದೆ. 1928ರದ್ದು. ಕ್ಯಾಬಿನ್ ಅಂದರೆ ಹನ್ನೆರಡು ಮೂಲೆಯ ಪುಟ್ಟ ಮಂಟಪ, ಸುತ್ತ ಕಿಟಕಿ. ಹತ್ತುವ ಮೊದಲೇ ಅತ್ತಿಗೆ ರಾಗ ತೆಗೆದರು. "ಹಗ್ಗ ನೋಡೋ, ಹೇಗೆ ಜೋತು ಬಿದ್ದಿದೆ! ಹಳೇದಾಗಿ ಸಡಿಲ ಆಗಿರ್ಬೇಕು."

ಸುಮಾರು ಜನ ಹೀಗೇ ಅಂದುಕೊಳ್ಳುತ್ತಾರೆ. ವಿಷಯ ಪೂರ್ತಿ ಉಲ್ಟಾ.

ಬಟ್ಟೆ ಒಣಹಾಕುವ ಹಗ್ಗವನ್ನೇ ನೋಡಿ. ಉದ್ದ ಹತ್ತು ಮೀಟರ್, ನಟ್ಟನಡುವೆ ಒಂದು ಕಿಲೋದ ಒದ್ದೆ ಟವೆಲ್. ನಡುಭಾಗ 10 ಸೆಂಟಿಮೀಟರ್ ಇಳಿದಿದ್ದರೆ ಹಗ್ಗದ ಮೇಲೆ ಸುಮಾರು 25 ಕಿಲೋ ತೂಗಿದಷ್ಟು ಎಳೆತ. ಚೆಂದ ಕಾಣಲಿ ಅಂತ ಎಳೆದು ಕಟ್ಟಿ, ಇಳಿತವನ್ನು 1 ಸೆಂಟಿಮೀಟರ್‌ಗೆ ತಂದರೆ? 250 ಕಿಲೋ! ಟವೆಲ್ ಮಾತ್ರ ಅದೇ. ಯಾಕೆ ಗೊತ್ತಾ? ನೆಟ್ಟಗೆ ಬಿಗಿದ ಹಗ್ಗದ ಬಲವೆಲ್ಲ ಅಕ್ಕಪಕ್ಕ ಎಳೆಯುವುದಕ್ಕೇ ಹೋಗುತ್ತದೆ, ಮೇಲೆತ್ತಲು ಉಳಿಯುವುದು ಚೂರು. ತುಂಬಿದ ಬಕೆಟ್ಟನ್ನು ಇಬ್ಬರು ಹತ್ತಿರ ನಿಂತು ಎತ್ತಿ ನೋಡಿ, ಸಲೀಸು. ಆಮೇಲೆ ದೂರ ದೂರ ನಿಂತು, ಕೈ ಚಾಚಿ ಎತ್ತಿ. ತೋಳೇ ಕಿತ್ತು ಬರುತ್ತದೆ, ಅಲ್ವಾ?

ಹಾಗಂತ ಜಾಸ್ತಿ ಜೋತರೂ ಕಷ್ಟ. ಇಂಥ ರೋಪ್‌ವೇಗಳಲ್ಲಿ ಸಾಮಾನ್ಯವಾಗಿ ಕ್ಯಾಬಿನ್ ಉರುಳುವ ದಪ್ಪ ಹಗ್ಗದ ಒಂದು ತುದಿಗೆ ಟನ್‌ಗಟ್ಟಲೆ ಭಾರ ನೇತುಹಾಕಿರುತ್ತಾರೆ. ಚಳಿಗೆ ಹಗ್ಗ ಕುಗ್ಗಿದರೆ ಭಾರ ಮೇಲೇರುತ್ತದೆ, ಬಿಸಿಲಿಗೆ ಹಿಗ್ಗಿದರೆ ಕೆಳಗಿಳಿಯುತ್ತದೆ. ಬಿಗಿ ಇದ್ದಷ್ಟೇ ಇರುತ್ತದೆ.

ಇಂಥ ತಂತಿ ಹಗ್ಗ ಹುಟ್ಟಿದ್ದು ಬೆಟ್ಟದ ಮೇಲಲ್ಲ, ನೆಲದಡಿಯ ಗಣಿಯಲ್ಲಿ! ಜರ್ಮನಿಯದೇ ಹಾರ್ಜ್ ಬೆಟ್ಟಗಳ ಗಣಿಗಳಲ್ಲಿ ಅದಿರು ಮೇಲೆತ್ತುವ ಸರಪಳಿ ಕಡಿಯುತ್ತಲೇ ಇತ್ತು. ಒಂದು ಕೊಂಡಿ ಹೋದರೆ ಎಲ್ಲ ಹೋದಂತೆ. 1834ರಲ್ಲಿ ಗಣಿ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟ್ ಹನ್ನೆರಡು ಕಬ್ಬಿಣದ ತಂತಿ ಹೊಸೆದು ಹಗ್ಗ ಮಾಡಿದರು. ಒಂದು ತಂತಿ ತುಂಡಾದರೂ ಉಳಿದವು ಭಾರ ಹೊರುತ್ತವೆ.

ಅರ್ಧ ದಾರಿಯಲ್ಲಿ ಇನ್ನೊಂದು ಕ್ಯಾಬಿನ್ ಎದುರಿಗೆ ಇಳಿದು ಬಂತು. ರಾಟೆಗೆ ಕಟ್ಟಿದ ಎರಡು ಕೊಡದ ಹಾಗೆ ಇವು ಒಂದಕ್ಕೊಂದು ತಕ್ಕಡಿ. ಮೋಟಾರಿಗೆ ಉಳಿಯುವುದು ವ್ಯತ್ಯಾಸದ ಭಾರ, ಜೊತೆಗೆ ಒಂದಿಷ್ಟು ತಿಕ್ಕಾಟ.

ಕಾಂಕ್ರೀಟ್ ಕಂಬದ ಹತ್ತಿರ ಹಗ್ಗ ಕಡಿದಾಗಿ ಏರಿತು. ದಾಟಿದ ಕೂಡಲೇ ಕ್ಯಾಬಿನ್ ಜೋರಾಗಿ ತೂಗಿತು. ಅತ್ತಿಗೆ ನನ್ನ ತೋಳು ಹಿಡಿದುಕೊಂಡರು. ಇದೂ ಆ ಜೋತದ್ದೇ ಕೆಲಸ ಅಂತ ವಿವರಿಸಲು ಹೊರಟೆ.

"ಮೇಲೆ ಹೋದ್ಮೇಲೆ ಹೇಳು ಮಾರಾಯ."