ಟ್ರ್ಯಾಕರ್ 112 ಎಂದರೆ ಲಾರಿ 112ರಲ್ಲಿ ಓಡಿತ್ತೇ?

ಲಾರಿಯ ಜಿಪಿಎಸ್ ಟ್ರ್ಯಾಕರ್‌ನಿಂದ ಓವರ್‌ಸ್ಪೀಡ್ ಅಲರ್ಟ್ ಬಂದ ಕೂಡಲೇ ಡ್ರೈವರ್ ಸಂಬಳಕ್ಕೆ ಕೈಹಾಕುವ ಮಾಲೀಕರು, ಮೊದಲು ಟ್ರ್ಯಾಕರ್ ದಾಖಲೆಯಲ್ಲಿ ಆ ಒಂದು ಸಾಲಿನ ಹಿಂದೆ ಮುಂದೆ ನೋಡಬೇಕು.

ಎರಡು ಜಾಗಗಳ ನಡುವಿನ ದೂರವನ್ನು ಸಮಯದಿಂದ ಭಾಗಿಸಿದರೆ ಜಿಪಿಎಸ್ ವೇಗ ಸಿಗುತ್ತದೆ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಸಾಮಾನ್ಯವಾಗಿ ಹಾಗಲ್ಲ. ಗಾಡಿ ಚಲಿಸಿದಂತೆ ಉಪಗ್ರಹದ ಸಿಗ್ನಲ್‌ನ ಆವರ್ತನ ತುಸು ಏರಿಳಿಯುತ್ತದೆ. ರಿಸೀವರ್ ಈ ಡಾಪ್ಲರ್ ವ್ಯತ್ಯಾಸದಿಂದಲೇ ವೇಗ ಹೇಳುತ್ತದೆ. ಆದ್ದರಿಂದ ಜಾಗ ಮೂರು ಮೀಟರ್ ತಪ್ಪಿದ್ದರೂ, ಬಯಲಲ್ಲಿ ಒಂದೇ ವೇಗದಲ್ಲಿ ಓಡುವಾಗ ಗಂಟೆಗೆ ಒಂದು ಕಿ.ಮೀ.ಗಿಂತ ಹೆಚ್ಚು ತಪ್ಪುವುದು ಅಪರೂಪ. ಗಾಡಿಯ ಮೀಟರ್‌ನ ಕಥೆಯೇ ಬೇರೆ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಅದು ನಿಜಕ್ಕಿಂತ ಕಡಿಮೆ ತೋರಿಸುವಂತಿಲ್ಲ, ಆದರೆ ಶೇ 10ರ ಜೊತೆಗೆ 4 ಕಿ.ಮೀ.ವರೆಗೆ ಹೆಚ್ಚು ತೋರಿಸಬಹುದು. ಎರಡೂ ತಾಳೆಯಾಗುವುದಿಲ್ಲ ಎಂದು ಟ್ರ್ಯಾಕರ್ ಬದಲಿಸುವುದು ದಂಡ.

ಎಡವಟ್ಟಾಗುವುದು ಮೇಲ್ಸೇತುವೆಯ ಕೆಳಗೆ, ಎತ್ತರದ ಕಟ್ಟಡಗಳ ನಡುವೆ, ಶಿರಾಡಿ ಘಾಟಿಯಂಥ ತಿರುವುಗಳಲ್ಲಿ. ಸಿಗ್ನಲ್ ಗೋಡೆಗೆ ಬಡಿದು ಬರುತ್ತದೆ, ಇಲ್ಲವೇ ಕಡಿದು ಮತ್ತೆ ಸಿಗುತ್ತದೆ. ಹತ್ತು ಸೆಕೆಂಡಿಗೊಂದರಂತೆ ಬಂದ ಸಾಲುಗಳಲ್ಲಿ ಗಂಟೆಗೆ ಕಿ.ಮೀ. ವೇಗ ಹೀಗಿದೆ ಎನ್ನಿ: 48, 112, 47. ನಡುವಿನ ಸಾಲಿನಲ್ಲಿ ಸಿಕ್ಕ ಉಪಗ್ರಹ 4, ಎಚ್‌ಡಿಒಪಿ (ಉಪಗ್ರಹಗಳ ಹರಡಿಕೆ ಎಷ್ಟು ಚೆನ್ನಾಗಿದೆ ಎನ್ನುವ ಅಳತೆ, ಹೆಚ್ಚಾದಷ್ಟೂ ನಂಬಿಕೆ ಕಡಿಮೆ) 6. ಆ ಸಾಲನ್ನು ಬಿಟ್ಟು, ಮೊದಲ ಮತ್ತು ಕೊನೆಯ ಜಾಗಗಳ ನಡುವಿನ ದೂರ ಅಳೆಯಿರಿ. 20 ಸೆಕೆಂಡಿಗೆ 265 ಮೀಟರ್ ಬಂದರೆ ಸರಾಸರಿ 48. ನಿಜವಾಗಿ 112ಕ್ಕೆ ಏರಿ ಇಳಿದಿದ್ದರೆ ಸುಮಾರು 440 ಮೀಟರ್ ಆಗಬೇಕಿತ್ತು. ತುಂಬಿದ ಲಾರಿ ಹತ್ತು ಸೆಕೆಂಡಿನಲ್ಲಿ ಅಷ್ಟು ವೇಗ ಎತ್ತುವುದೂ ಇಲ್ಲ. ಡ್ರೈವರ್ ತಪ್ಪು ಮಾಡಿಲ್ಲ. ಇಂಥ ಕಡೆ ದಂಡ ಹಾಕುವುದು ಅನ್ಯಾಯ.

ಎಐಎಸ್-140 (ವಾಹನ ಟ್ರ್ಯಾಕರ್‌ಗಳಿಗೆ ಭಾರತದ ಮಾನದಂಡ) ಸಾಧನಗಳ ಪ್ರತಿ ಸಾಲಿನಲ್ಲೂ ಉಪಗ್ರಹ ಸಂಖ್ಯೆ, ಎಚ್‌ಡಿಒಪಿ ಎರಡೂ ಇರುತ್ತವೆ. ಎಚ್‌ಡಿಒಪಿ 2ರ ಒಳಗೆ, ಉಪಗ್ರಹ 7ಕ್ಕಿಂತ ಮೇಲೆ, ಸತತ ಮೂರು ಸಾಲು ಮಿತಿ ಮೀರಿದ್ದರೆ ಮಾತ್ರ ಅಲರ್ಟ್ ಬರುವಂತೆ ಇಟ್ಟುಕೊಳ್ಳಿ.

ನಿಂತ ಗಾಡಿಗೆ 2–3 ಕಿ.ಮೀ. ವೇಗ ಕಂಡರೆ ಗಾಬರಿ ಬೇಡ. ಇಗ್ನಿಷನ್ ಆಫ್ ಇದ್ದಾಗ ಸೊನ್ನೆ ಎಂದು ಹೊಂದಿಸಿದರಾಯಿತು. ಎಲ್ಲ ವೇಗವೂ ನಿಜದ ಅರ್ಧದಷ್ಟೇ ಬರುತ್ತಿದ್ದರೆ ಸಾಫ್ಟ್‌ವೇರ್ ನಾಟ್‌ಗಳನ್ನೇ ಕಿ.ಮೀ. ಎಂದು ಓದುತ್ತಿರಬಹುದು: ಹಡಗುಗಳ ವೇಗದ ಅಳತೆಯಾದ ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ.

ಆ್ಯಂಟೆನಾ ತಗಡಿನ ಅಡಿಯಲ್ಲಿದ್ದರೆ ಯಾವ ಸೆಟ್ಟಿಂಗೂ ಕೈಹಿಡಿಯದು. ಡ್ಯಾಶ್‌ಬೋರ್ಡ್‌ನ ಪ್ಲಾಸ್ಟಿಕ್ ಕೆಳಗೆ, ಮುಖ ಆಕಾಶಕ್ಕಿರುವಂತೆ ಕೂರಿಸಿ. ಆಮೇಲೆ ನೇರ ಹೆದ್ದಾರಿಯಲ್ಲಿ ಟ್ರ್ಯಾಕರ್ 60 ತೋರಿಸುವಂತೆ ಒಂದು ಕಿಲೋಮೀಟರ್ ಕಲ್ಲಿನಿಂದ ಐದು ಕಿ.ಮೀ. ಆಚೆಯ ಕಲ್ಲಿನವರೆಗೆ ಓಡಿಸಿ, ಗಡಿಯಾರ ನೋಡಿ: 300 ಸೆಕೆಂಡ್ ಆಗಬೇಕು.