ಅಗಲಿದ ನಟರ ಮುಖಕ್ಕೆ ಯಾರ ಒಪ್ಪಿಗೆ?

2022ರ ಮಾರ್ಚ್ 17, ಪುನೀತ್ ರಾಜ್‌ಕುಮಾರ್ ಅವರ ಹುಟ್ಟುಹಬ್ಬದ ದಿನ, ‘ಜೇಮ್ಸ್’ ಬಿಡುಗಡೆಯಾದಾಗ ತೆರೆಯ ಮೇಲೆ ಕಂಡ ಮುಖ ಅಪ್ಪು ಅವರದು, ಕೇಳಿಬಂದ ದನಿ ಅಣ್ಣ ಶಿವರಾಜ್‌ಕುಮಾರ್ ಅವರದು. ಡಬ್ಬಿಂಗ್ ಮುಗಿಸುವ ಮೊದಲೇ, 2021ರ ಅಕ್ಟೋಬರ್ 29ರಂದು, ಪುನೀತ್ ತೀರಿಕೊಂಡಿದ್ದರು. ತೀರಿಹೋದ ತಮ್ಮನ ತುಟಿಯ ಚಲನೆಗೆ ಅಣ್ಣ ಒಂದೊಂದೇ ಮಾತನ್ನು ಹೊಂದಿಸಿ ಹೇಳಿದ್ದನ್ನು ನೆನೆದರೆ ಇಂದಿಗೂ ಗಂಟಲು ಕಟ್ಟುತ್ತದೆ. ಮುಂದಿನ ತಿಂಗಳು ಪುನೀತ್ ಅವರ ದನಿಯನ್ನೇ ತಂತ್ರಜ್ಞಾನದಿಂದ ಮರುಸೃಷ್ಟಿಸಿ, ಚಿತ್ರವನ್ನು ಮತ್ತೆ ತೆರೆಗೆ ತರಲಾಯಿತು. ಪಾತ್ರವನ್ನು ಒಪ್ಪಿದವರೂ ನಟಿಸಿದವರೂ ಅವರೇ ಆಗಿದ್ದರಿಂದ, ಯಂತ್ರ ಮಾಡಿದ್ದು ಅವರು ಬಿಟ್ಟುಹೋದ ಕೆಲಸವನ್ನು ಮುಗಿಸಿಕೊಟ್ಟದ್ದು ಮಾತ್ರ.

ಡಿಜಿಟಲ್ ಮರುಸೃಷ್ಟಿಯ ಕತೆ ಆರಂಭವಾದದ್ದೂ ಹೀಗೆ, ನಡುವೆ ನಿಂತ ಕೆಲಸವನ್ನು ಪೂರೈಸುವ ಅನಿವಾರ್ಯದಿಂದ. 1999ರಲ್ಲಿ ‘ಗ್ಲಾಡಿಯೇಟರ್’ ಚಿತ್ರೀಕರಣ ನಡೆಯುತ್ತಿದ್ದಾಗಲೇ ಮಾಲ್ಟಾದಲ್ಲಿ ಆಲಿವರ್ ರೀಡ್ ನಿಧನರಾದರು. ಉಳಿದ ಕೆಲವು ದೃಶ್ಯಗಳಿಗೆ ಬದಲಿ ನಟನ ದೇಹದ ಮೇಲೆ ಅವರ ಮುಖವನ್ನು ಕೂರಿಸಲಾಯಿತು. 2013ರಲ್ಲಿ ಅಪಘಾತದಲ್ಲಿ ಮಡಿದ ಪಾಲ್ ವಾಕರ್ ಅವರ ‘ಫ್ಯೂರಿಯಸ್ 7’ ಚಿತ್ರವನ್ನು ಪೂರ್ಣಗೊಳಿಸಲು ಅವರ ಸಹೋದರರಿಬ್ಬರು ಕ್ಯಾಮೆರಾದ ಮುಂದೆ ನಿಂತರು.

ಗೆರೆ ದಾಟಿದ್ದು 2016ರಲ್ಲಿ, ಅದೂ ಎರಡು ತಿಂಗಳ ಅಂತರದಲ್ಲಿ ಎರಡು ದೇಶಗಳಲ್ಲಿ. ಆ ಅಕ್ಟೋಬರ್‌ನಲ್ಲಿ ತೆರೆಕಂಡ ಕೋಡಿ ರಾಮಕೃಷ್ಣ ನಿರ್ದೇಶನದ ‘ನಾಗರಹಾವು’ ಚಿತ್ರದಲ್ಲಿ, 2009ರ ಡಿಸೆಂಬರ್ 30ರಂದು ನಮ್ಮನ್ನಗಲಿದ ವಿಷ್ಣುವರ್ಧನ್ ಬೇರೊಬ್ಬರ ದೇಹದ ಮೇಲೆ ಕಾಣಿಸಿಕೊಂಡರು. ಡಿಸೆಂಬರ್‌ನಲ್ಲಿ ಬಂದ ‘ರೋಗ್ ಒನ್’ ಚಿತ್ರದಲ್ಲಿ, 1994ರಲ್ಲಿ ತೀರಿಕೊಂಡಿದ್ದ ಬ್ರಿಟಿಷ್ ನಟ ಪೀಟರ್ ಕುಷಿಂಗ್ ಅವರ ಮುಖ ಗೈ ಹೆನ್ರಿ ಎಂಬ ನಟನ ಅಭಿನಯದ ಮೇಲೆ ಕುಳಿತಿತ್ತು. ಈ ಪಾತ್ರಗಳಿಗಾಗಿ ವಿಷ್ಣುವರ್ಧನ್ ಆಗಲಿ ಕುಷಿಂಗ್ ಆಗಲಿ ಕತೆ ಕೇಳಿದವರಲ್ಲ, ಕಾಲ್‌ಶೀಟ್ ಕೊಟ್ಟವರಲ್ಲ. ಅಭಿಮಾನಿಯೊಬ್ಬನಿಗೆ ಆ ಕಡಗದ ಕೈ, ಆ ನೋಟ ಮತ್ತೆ ಕಂಡರೆ ಆಗುವ ಪುಳಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ನಟನ ಕಲೆಯಲ್ಲಿ ಅರ್ಧಪಾಲು ಇರುವುದು ಯಾವ ಪಾತ್ರವನ್ನು ಒಪ್ಪಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನದಲ್ಲಿ. ಆ ಅರ್ಧಪಾಲನ್ನು ಯಾವ ತಂತ್ರಜ್ಞಾನವೂ ಮರುಸೃಷ್ಟಿಸಲಾರದು.

ಆಗ ಇದು ದುಬಾರಿ ಕೆಲಸವಾಗಿತ್ತು. ತಲೆಯ ಮಾದರಿ, ಚರ್ಮದ ಮೇಲೆ ಬೀಳುವ ಬೆಳಕು, ಕಣ್ಣಂಚಿನ ಸುಕ್ಕು ಎಲ್ಲವನ್ನೂ ಗ್ರಾಫಿಕ್ಸ್ ಕಲಾವಿದರು ಫ್ರೇಮಿನಿಂದ ಫ್ರೇಮಿಗೆ ತಿದ್ದಬೇಕಿತ್ತು. ಈಗ ನಟನ ಹಳೆಯ ಚಿತ್ರಗಳ ಸಾವಿರಾರು ಫ್ರೇಮುಗಳನ್ನು ಉಣಿಸಿದರೆ, ಆ ಮುಖ ನಗುವಾಗ, ತಿರುಗುವಾಗ ಹೇಗಿರುತ್ತದೆ ಎಂಬುದನ್ನು ಕೃತಕ ಬುದ್ಧಿಮತ್ತೆ ತಾನೇ ಕಲಿತು ಬದಲಿ ನಟನ ಮುಖದ ಜಾಗಕ್ಕೆ ತಂದಿಡುತ್ತದೆ. ಖರ್ಚು ಇಳಿದಂತೆ, ಅನುಮತಿ ಕೇಳದೆ ಮುಂದುವರಿಯುವವರೂ ಹುಟ್ಟಿಕೊಂಡರು. 2024ರ ತಮಿಳು ಚಿತ್ರ ‘ಗೋಟ್’ನಲ್ಲಿ ಅಗಲಿದ ನಟ ವಿಜಯಕಾಂತ್ ಅವರನ್ನು ತೋರಿಸುವ ಮೊದಲು ಕುಟುಂಬದ ಒಪ್ಪಿಗೆ ಪಡೆಯಲಾಗಿತ್ತು. ಅದೇ ವರ್ಷ, ಕನ್ನಡಿಗರ ಮನೆಮನೆಯ ದನಿಯಾಗಿದ್ದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಸ್ವರವನ್ನು ಅನುಮತಿಯಿಲ್ಲದೆ ಮರುಸೃಷ್ಟಿಸಿದ್ದಕ್ಕಾಗಿ ತೆಲುಗು ಚಿತ್ರವೊಂದರ ತಂಡಕ್ಕೆ ಮಗ ಚರಣ್ ನೋಟಿಸ್ ಕಳಿಸಬೇಕಾಯಿತು.

ಅಮೆರಿಕದ ನಟರ ಸಂಘಟನೆ 2023ರಲ್ಲಿ 118 ದಿನ ಮುಷ್ಕರ ಹೂಡಿದಾಗ, ಡಿಜಿಟಲ್ ಪ್ರತಿರೂಪಕ್ಕೆ ಒಪ್ಪಿಗೆ ಮತ್ತು ಸಂಭಾವನೆ ಎರಡೂ ಬೇಕೆಂಬುದು ಮುಖ್ಯ ಬೇಡಿಕೆಗಳಲ್ಲಿ ಒಂದಾಗಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಬದುಕಿರುವ ನಟರಿಗೂ ಅಗಲಿದವರಿಗೂ ಪ್ರತ್ಯೇಕ ಕಾನೂನು ತಂದಿತು.

ನಮ್ಮಲ್ಲಿ ಅಂಥ ಕಾನೂನು ಇಲ್ಲದ್ದರಿಂದ ಭಾರವೆಲ್ಲ ನ್ಯಾಯಾಲಯಗಳ ಮೇಲಿದೆ. ದೆಹಲಿ ಹೈಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ಅನಿಲ್ ಕಪೂರ್ ಅವರ ಹೆಸರು, ದನಿ, ಚಹರೆಗಳನ್ನು ಅನುಮತಿಯಿಲ್ಲದೆ ಬಳಸದಂತೆ ತಡೆ ನೀಡಿತು. ಅದಕ್ಕೂ ಎರಡು ತಿಂಗಳ ಹಿಂದೆ, ಸುಶಾಂತ್ ಸಿಂಗ್ ರಜಪೂತ್ ಅವರ ತಂದೆ ಹೂಡಿದ್ದ ದಾವೆಯಲ್ಲಿ ಅದೇ ನ್ಯಾಯಾಲಯ, ಇಂಥ ಹಕ್ಕುಗಳು ವ್ಯಕ್ತಿಯೊಂದಿಗೇ ಕೊನೆಗೊಳ್ಳುತ್ತವೆ, ವಾರಸುದಾರರಿಗೆ ದಾಟುವುದಿಲ್ಲ ಎಂದಿತ್ತು. ಆ ದಾವೆ ಇದ್ದದ್ದು ನಟನ ಬದುಕನ್ನು ಆಧರಿಸಿದ ಚಿತ್ರದ ಬಗ್ಗೆ, ಡಿಜಿಟಲ್ ಮುಖದ ಬಗ್ಗೆ ಅಲ್ಲ. ಆದರೆ ಅದೇ ತರ್ಕವನ್ನು ಹಿಡಿದರೆ, ಮನೆಯವರ ಒಪ್ಪಿಗೆ ಕೇಳುವುದು ನಿರ್ಮಾಪಕರ ಸೌಜನ್ಯವಷ್ಟೇ ಆಗಿ ಉಳಿಯುತ್ತದೆ.

ಇನ್ನು, ಜಾತ್ರೆಯ ದೃಶ್ಯದಲ್ಲಿ ದಿನಗೂಲಿಗೆ ಬಿಸಿಲಲ್ಲಿ ನಿಲ್ಲುವ ಜೂನಿಯರ್ ಕಲಾವಿದರ ಸ್ಥಿತಿ. ಒಬ್ಬರನ್ನು ಒಮ್ಮೆ ಸ್ಕ್ಯಾನ್ ಮಾಡಿಟ್ಟುಕೊಂಡರೆ ನೂರು ಜಾತ್ರೆಗೆ ಜನ ಸಿಕ್ಕಂತೆ. ನಮ್ಮ ಕೃತಿಸ್ವಾಮ್ಯ ಕಾಯ್ದೆ, ಚಿತ್ರದಲ್ಲಿ ಹೀಗೆ ಬಂದುಹೋಗುವ, ರೂಢಿಯಂತೆ ಟೈಟಲ್ ಕಾರ್ಡಿನಲ್ಲಿ ಹೆಸರು ಸಿಗದ ವ್ಯಕ್ತಿಯನ್ನು ‘ಪ್ರದರ್ಶಕ’ ಎಂದೇ ಗಣಿಸುವುದಿಲ್ಲ. ಅವರ ಪಾಲಿಗೆ ಉಳಿಸಿರುವುದು ಅಭಿನಯವನ್ನು ವಿರೂಪಗೊಳಿಸಿದಾಗ ಆಕ್ಷೇಪಿಸುವ ಹಕ್ಕೊಂದನ್ನೇ.