ಕೂಡುಹೆಸರಿನ ಬೆಸುಗೆ ಎಲ್ಲಿದೆ?

1990ರ ಜನವರಿಯಲ್ಲಿ ಚೆಕೊಸ್ಲೊವಾಕಿಯದ ಅಧ್ಯಕ್ಷ ವಾಸ್ಲಾವ್ ಹಾವೆಲ್ ಸಂಸತ್ತಿಗೆ ಒಂದು ಸಲಹೆ ಕೊಟ್ಟರು. ಕಮ್ಯುನಿಸ್ಟ್ ಆಡಳಿತ ತೊಲಗಿದೆ, ದೇಶದ ಅಧಿಕೃತ ಹೆಸರಿನೊಳಗಿನ ‘ಸಮಾಜವಾದಿ’ ಎಂಬ ಪದವನ್ನೂ ತೆಗೆಯೋಣ ಎಂದರು. ಒಂದೇ ದಿನದಲ್ಲಿ ಮುಗಿಯಬಹುದಾಗಿದ್ದ ಕೆಲಸ ಏಪ್ರಿಲ್‌ವರೆಗೆ ಎಳೆಯಿತು. ಹೇಗೂ ಹೆಸರಿಗೆ ಕೈಹಾಕಿದ್ದೀರಿ, ‘ಚೆಕೊ’ಗೂ ‘ಸ್ಲೊವಾಕಿಯ’ಕ್ಕೂ ನಡುವೆ ಒಂದು ಹೈಫನ್ ಹಾಕಿಬಿಡಿ ಎಂದು ಸ್ಲೊವಾಕರು ಪಟ್ಟು ಹಿಡಿದರು.

ಹೈಫನ್ ಇಲ್ಲದಿದ್ದರೆ ತಾವು ಚೆಕ್ಕರ ಬಾಲವಾಗಿ ಕಾಣುತ್ತೇವೆ ಎಂಬುದು ಅವರ ಅಳಲು. ದೇಶ ಹುಟ್ಟಿದ 1918ರ ಸುಮಾರಿನ ಕೆಲವು ದಾಖಲೆಗಳಲ್ಲಿ ಆ ಗೆರೆ ಇದ್ದದ್ದೂ ನಿಜ. ಆದರೆ ಚೆಕ್ಕರಿಗೆ ಅದೇ ಗೆರೆ ನೆನಪಿಸಿದ್ದು 1938ರ ಮ್ಯೂನಿಕ್ ಒಪ್ಪಂದವನ್ನು. ಗಡಿನಾಡನ್ನು ಹಿಟ್ಲರನಿಗೆ ಒಪ್ಪಿಸಿ, ಉಳಿದ ದೇಶ ಕೆಲವೇ ತಿಂಗಳು ಉಸಿರಾಡಿದಾಗ ಹೆಸರಿನಲ್ಲಿ ಹೈಫನ್ ಇತ್ತು. ಮಾರ್ಚ್ ಕೊನೆಗೆ ಒಂದು ವಿಚಿತ್ರ ರಾಜಿಯಾಯಿತು: ಚೆಕ್ ಭಾಷೆಯಲ್ಲಿ ಬರೆಯುವಾಗ ಹೈಫನ್ ಬೇಡ, ಸ್ಲೊವಾಕ್ ಭಾಷೆಯಲ್ಲಿ ಬರೆಯುವಾಗ ಇರಲಿ! ಅದೂ ನಿಲ್ಲಲಿಲ್ಲ. ಏಪ್ರಿಲ್‌ನಲ್ಲಿ ‘ಚೆಕ್ ಮತ್ತು ಸ್ಲೊವಾಕ್ ಒಕ್ಕೂಟ ಗಣರಾಜ್ಯ’ ಎಂದು ತೀರ್ಮಾನಿಸಿದರು. ಚೆಕ್ ವ್ಯಾಕರಣದಂತೆ ಇಂಥ ಹೆಸರಿನಲ್ಲಿ ಮೊದಲ ಪದಕ್ಕೆ ಮಾತ್ರ ದೊಡ್ಡಕ್ಷರ ಬರಬೇಕು. ಸ್ಲೊವಾಕರ ಪದ ಸಣ್ಣಕ್ಷರದಲ್ಲಿ ಕೂರುವುದು ಬೇಡವೆಂದು ಆ ನಿಯಮವನ್ನೂ ಮುರಿದರು. ಇಷ್ಟಾದರೂ 1993ರ ಜನವರಿ 1ರಂದು ದೇಶ ಎರಡಾಯಿತು.

ಬೇರೆ ಬೇರೆ ಪ್ರದೇಶಗಳು ಒಂದಾದಾಗ ಹುಟ್ಟುವ ಇಂಥ ಹೆಸರುಗಳನ್ನು ನಮ್ಮ ವ್ಯಾಕರಣ ದ್ವಂದ್ವ ಸಮಾಸದ ಸಾಲಿಗೆ ಸೇರಿಸೀತು. ಆದರೆ ಸ್ಥಳನಾಮಗಳ ಅಧ್ಯಯನದಲ್ಲಿ ನನಗೆ ಹೆಚ್ಚು ಸ್ವಾರಸ್ಯ ಕಾಣುವುದು ಎರಡು ಪದಗಳಿಗಿಂತ ಅವುಗಳ ನಡುವಿನ ಬೆಸುಗೆಯಲ್ಲಿ. ‘ಮತ್ತು’ ಇದೆಯೇ, ಹೈಫನ್ ಇದೆಯೇ, ಅಥವಾ ಎರಡೂ ಕರಗಿ ಒಂದಾಗಿವೆಯೇ? ಯಾರು ಮೊದಲು, ಯಾರು ಬಿಟ್ಟುಹೋದರು? ಒಪ್ಪಂದ ಯಾವ ಷರತ್ತಿನ ಮೇಲೆ ಆಯಿತೆಂಬುದು ಬಹುಪಾಲು ಅಲ್ಲೇ ಇರುತ್ತದೆ.

‘ಮತ್ತು’ ಇರುವ ಹೆಸರುಗಳಲ್ಲಿ ಪಾಲುದಾರರ ಲೆಕ್ಕ ಎದುರಿಗೇ ಇರುತ್ತದೆ. ದ್ವೀಪಗಳಿಗೆ ಇದು ಸಹಜ. ನಡುವೆ ಸಮುದ್ರವೇ ಇದೆಯಲ್ಲ. ಬ್ರಿಟಿಷರು 1889ರಲ್ಲಿ ಟ್ರಿನಿಡಾಡ್ ಮತ್ತು ಟೊಬೆಗೊಗಳನ್ನು ಒಂದೇ ಆಡಳಿತಕ್ಕೆ ತಂದರು. ಟೊಬೆಗೊಗೆ ಇಂದಿಗೂ ಅದರದೇ ಪ್ರತಿನಿಧಿ ಸಭೆ ಉಂಟು. ಕೆರಿಬಿಯನ್ನಿನ ಇನ್ನೊಂದು ಜೋಡಿಯಾದ ಸೇಂಟ್ ಕಿಟ್ಸ್ ಮತ್ತು ನೆವಿಸ್ ಮೊದಲು ಮೂರು ಹೆಸರಿನದು. 1967ರಲ್ಲಿ ಆಂಗ್ವಿಲಾದ ಜನ ಸೇಂಟ್ ಕಿಟ್ಸ್‌ನ ಪೊಲೀಸರನ್ನು ದ್ವೀಪದಿಂದ ಅಟ್ಟಿದರು, 1980ರಲ್ಲಿ ಅಧಿಕೃತವಾಗಿ ಬೇರೆಯಾದರು. ಉಳಿದೆರಡು 1983ರಲ್ಲಿ ಸ್ವತಂತ್ರವಾದವು. 1998ರಲ್ಲಿ ನೆವಿಸ್ ಕೂಡ ಹೊರನಡೆಯಲು ಜನಮತ ಕೇಳಿತು. ಸುಮಾರು ಶೇ. 62ರಷ್ಟು ಮಂದಿ ಹೌದೆಂದರು. ಬೇಕಿದ್ದದ್ದು ಮೂರನೇ ಎರಡು ಪಾಲು. ಹೆಸರಿನಲ್ಲಿರುವ ‘ಮತ್ತು’ ಅಷ್ಟರಲ್ಲೇ ಬಚಾವಾಯಿತು. ಭಾರತದಲ್ಲಿ 2020ರ ಜನವರಿ 26ರಂದು ಎರಡು ಕೇಂದ್ರಾಡಳಿತ ಪ್ರದೇಶಗಳು ವಿಲೀನವಾದಾಗ ‘ದಾದ್ರಾ ಮತ್ತು ನಗರ್ ಹವೇಲಿ ಮತ್ತು ದಮನ್ ಮತ್ತು ದಿಯು’ ಎಂಬ ಹೆಸರು ಬಂತು. ಅಂಚೆ ವಿಳಾಸ ಬರೆಯುವವರ ಕೈ ನೋಯಬಹುದು, ಬಿಟ್ಟುಹೋದೆವೆಂದು ಯಾರೂ ದೂರುವಂತಿಲ್ಲ.

ಹೈಫನ್ನಿನ ತವರು ಜರ್ಮನಿ. ಎರಡನೇ ಮಹಾಯುದ್ಧದ ನಂತರ ಅದರ ನೈಋತ್ಯ ಭಾಗವನ್ನು ಅಮೆರಿಕ ಮತ್ತು ಫ್ರಾನ್ಸ್ ಹಂಚಿಕೊಂಡು ಮೂರು ರಾಜ್ಯ ಮಾಡಿದವು: ವ್ಯುರ್ಟೆಂಬರ್ಗ್-ಬಾಡೆನ್, ವ್ಯುರ್ಟೆಂಬರ್ಗ್-ಹೊಹೆನ್‌ಝೊಲರ್ನ್, ಮತ್ತು ಬರಿಯ ಬಾಡೆನ್. 1952ರಲ್ಲಿ ಮೂರೂ ಸೇರಿದಾಗ ಅದು ಬಾಡೆನ್-ವ್ಯುರ್ಟೆಂಬರ್ಗ್ ಆಯಿತು. ಅಮೆರಿಕನ್ನರು ಹಿಂದೆ ಇಟ್ಟಿದ್ದ ಬಾಡೆನ್ ಮುಂದಕ್ಕೆ ಬಂತು. ವಿಲೀನಕ್ಕೆ ಹೆಚ್ಚು ಮುನಿಸಿಕೊಂಡದ್ದು ಬಾಡೆನ್ನಿನವರೇ. ಜರ್ಮನಿಗೆ ಕೈಸರರನ್ನು ಕೊಟ್ಟ ಮನೆತನದ ಹೊಹೆನ್‌ಝೊಲರ್ನ್ ಹೆಸರಿನಿಂದಲೇ ಬಿದ್ದುಹೋಗಿ, ರಾಜ್ಯಲಾಂಛನದ ಒಂದು ಪುಟ್ಟ ಗುರಾಣಿಯಲ್ಲಿ ಉಳಿದಿದೆ.

ಇನ್ನು ಬೆಸುಗೆ ಕಾಣದಂತೆ ಕರಗಿಸುವುದು. 1964ರ ಏಪ್ರಿಲ್ 26ರಂದು ಟಾಂಗನಿಕಾ ಮತ್ತು ಝಾಂಝಿಬಾರ್ ಒಂದಾದವು; ಅಕ್ಟೋಬರ್ ಕೊನೆಗೆ ಹೆಸರು ಟಾಂಝಾನಿಯ ಆಯಿತು. ಎರಡರ ತಲೆಯನ್ನೂ ಕತ್ತರಿಸಿ ಕೂಡಿಸಿ, ‘ಇಯ’ ಎಂಬ ಬಾಲ ಹಚ್ಚಿದರು. ಹೆಸರಿನಲ್ಲಿ ಸಮಪಾಲು, ಆಡಳಿತದಲ್ಲಿ ಹಾಗಿಲ್ಲ: ಝಾಂಝಿಬಾರ್‌ಗೆ ಅದರದೇ ಅಧ್ಯಕ್ಷ, ಅದರದೇ ಶಾಸನಸಭೆ ಇವೆ, ಟಾಂಗನಿಕಾಗೆ ಬೇರೆ ಸರ್ಕಾರವೇ ಇಲ್ಲ. ಹಂಗೇರಿಯಲ್ಲಿ ಬುದಾ, ಓಬುದಾ, ಪೆಸ್ಟ್ ಮೂರೂ ಸೇರಿ 1873ರಲ್ಲಿ ಬುದಾಪೆಸ್ಟ್ ಆಯಿತು. ಅದಕ್ಕೂ ಮೊದಲು ಜನರ ಬಾಯಲ್ಲಿ ‘ಪೆಸ್ಟ್-ಬುದಾ’ ಎಂಬ ಕ್ರಮ ಚೆನ್ನಾಗಿಯೇ ಓಡಾಡುತ್ತಿತ್ತು. ಇದರಲ್ಲಿ ಆಶ್ಚರ್ಯವಿಲ್ಲ. ಜೋಡಿಪದಗಳಲ್ಲಿ ಚಿಕ್ಕದು ಮುಂದೆ, ಉದ್ದನೆಯದು ಹಿಂದೆ ಬರುವ ಒಲವು ಹಲವು ಭಾಷೆಗಳಲ್ಲಿದೆ ಎಂದು ಜರ್ಮನ್ ಭಾಷಾವಿಜ್ಞಾನಿ ಒಟ್ಟೊ ಬೆಹಾಗೆಲ್ ಶತಮಾನದ ಹಿಂದೆಯೇ ಗುರುತಿಸಿದ್ದ. ಅಧಿಕೃತ ಹೆಸರು ಈ ಒಲವನ್ನು ಲೆಕ್ಕಿಸಲಿಲ್ಲ.

ಕತ್ತರಿಸಿ ಕೂಡಿಸುವ ಕಲೆಯಲ್ಲಿ ಪೂರ್ವ ಏಷ್ಯಾವನ್ನು ಮೀರಿಸಿದವರಿಲ್ಲ. ಟಾಂಝಾನಿಯದ ‘ಟಾನ್’ ಎಂದರೆ ತನಗೆ ತಾನೇ ಏನೂ ಅಲ್ಲ. ಚೀನೀ ಲಿಪಿಯಲ್ಲಾದರೋ ಒಂದೊಂದು ಅಕ್ಷರವೂ ಅರ್ಥವುಳ್ಳ ತುಂಡು. ಊರ ಹೆಸರಿನಿಂದ ಒಂದನ್ನು ಕಿತ್ತರೂ ಅದು ಜೀವಂತ. ಹಾಗಾಗಿ ವುಚಾಂಗ್‌ನ ‘ವು’, ಹಾನ್‌ಕೌ ಮತ್ತು ಹಾನ್ಯಾಂಗ್‌ಗಳ ‘ಹಾನ್’ ಸೇರಿ ವುಹಾನ್. ಟೋಕಿಯೊದ ಪಶ್ಚಿಮಕ್ಕೆ ಕೊಕುಬುಂಜಿ ಮತ್ತು ತಾಚಿಕಾವಾ ನಿಲ್ದಾಣಗಳ ನಡುವೆ 1926ರಲ್ಲಿ ಹೊಸ ನಿಲ್ದಾಣ ಬಂದಾಗ ಎರಡರ ಮೊದಲಕ್ಷರ ತೆಗೆದು ಕುನಿತಾಚಿ ಎಂದರು; ‘ಕೊಕು’ ಎಂದು ಓದುವ ಅಕ್ಷರವನ್ನೇ ‘ಕುನಿ’ ಎಂದೂ ಓದಬಹುದು.

ಕೊರಿಯದ ಹಳೆಯ ಪ್ರಾಂತ್ಯಗಳ ಹೆಸರುಗಳಲ್ಲಿ ಹೆಚ್ಚಿನವು ಹೀಗೆಯೇ, ಎರಡು ಮುಖ್ಯ ಪಟ್ಟಣಗಳ ಮೊದಲಕ್ಷರಗಳಿಂದ ಆದವು. ಜೊಂಜು ಮತ್ತು ನಾಜುಗಳಿಂದ ಜೊಲ್ಲಾ (‘ಜೊನ್’, ‘ನಾ’ ಸೇರಿದಾಗ ಉಚ್ಚಾರ ಹೀಗಾಗುತ್ತದೆ), ಚುಂಗ್‌ಜು ಮತ್ತು ಚೊಂಗ್‌ಜುಗಳಿಂದ ಚುಂಗ್‌ಚೊಂಗ್. ಅಲ್ಲಿಯ ಜೊಸೊನ್ ಅರಸರ ಕಾಲದಲ್ಲಿ ಈ ಅಕ್ಷರ ಒಂದು ಗೌರವವಾಗಿತ್ತು, ಕಿತ್ತುಕೊಳ್ಳಬಹುದಾದ ಗೌರವ. ಯಾವುದಾದರೂ ಪಟ್ಟಣದಿಂದ ರಾಜದ್ರೋಹಿ ಎದ್ದರೆ ಇಡೀ ಪಟ್ಟಣದ ದರ್ಜೆ ಇಳಿಸುತ್ತಿದ್ದರು, ಪ್ರಾಂತ್ಯದ ಹೆಸರಿನಿಂದ ಅದರ ಅಕ್ಷರವೂ ಹೋಗುತ್ತಿತ್ತು. ಚುಂಗ್‌ಜು ಶಿಕ್ಷೆಗೆ ಒಳಗಾದಾಗ ಗೊಂಗ್‌ಜು ಆ ಜಾಗಕ್ಕೆ ಬಂದು ಪ್ರಾಂತ್ಯ ಗೊಂಗ್‌ಚೊಂಗ್ ಆಯಿತು. ಚೊಂಗ್‌ಜುವೂ ಹೊರಬಿದ್ದಾಗ ಹೊಂಗ್‌ಜು ಸೇರಿ ಗೊಂಗ್‌ಹೊಂಗ್. ಶಿಕ್ಷೆ ತೀರಿದ ಮೇಲೆ ಹಳೆಯ ಹೆಸರೇ ವಾಪಸು. ಪ್ರಾಂತ್ಯದ ಹೆಸರು ನೋಡಿ ಆಯಾ ಹೊತ್ತಿನಲ್ಲಿ ಯಾವ ಊರಿಗೆ ಅರಸನ ಮುನಿಸು ತಟ್ಟಿದೆಯೆಂದು ಹೇಳಬಹುದಿತ್ತು.

ಇಂಥ ಹೆಸರುಗಳ ಮೋಹದಲ್ಲಿ ಇಲ್ಲದ ಬೆಸುಗೆಯನ್ನೂ ಜನ ಕಾಣುತ್ತಾರೆ. ಮಲಯ, ಸಿಂಗಾಪುರ ಸೇರಿ ‘ಮಲೇಸಿಯ’, ನಡುವಿನ ‘ಸಿ’ ಸಿಂಗಾಪುರದ್ದು ಎಂಬ ಮಾತಿದೆ. ಆದರೆ ಆ ಭಾಗದ ದ್ವೀಪಸಮೂಹಕ್ಕೆ ಮಲೇಸಿಯ ಎಂಬ ಹೆಸರು ಹತ್ತೊಂಬತ್ತನೇ ಶತಮಾನದಲ್ಲೇ ಬಳಕೆಯಲ್ಲಿತ್ತು. 1965ರಲ್ಲಿ ಸಿಂಗಾಪುರ ಹೊರಬಿದ್ದ ಮೇಲೂ ‘ಸಿ’ ಅಲ್ಲೇ ಇದೆ.

ಕೆಲವೊಮ್ಮೆ ಜೋಡಿಸುವ ತಂಟೆಯೇ ಬೇಡವೆಂದು ನದಿಯ ಮೊರೆ ಹೋಗುತ್ತಾರೆ. ಜರ್ಮನಿಯ ಬಾರ್ಮೆನ್ ಮತ್ತು ಎಲ್ಬರ್‌ಫೆಲ್ಡ್ 1929ರಲ್ಲಿ ಸೇರಿ, ಮರುವರ್ಷ ವುಪ್ಪರ್ ನದಿಯ ಕಣಿವೆಯ ಹೆಸರಿನಿಂದ ವುಪ್ಪರ್‌ಟಾಲ್ ಆದವು. ಅದು ನಿಂತಿತು. 1977ರಲ್ಲಿ ಗೀಸೆನ್ ಮತ್ತು ವೆಟ್ಸ್‌ಲಾರ್ ಪಟ್ಟಣಗಳನ್ನು ಸೇರಿಸಿ, ಹರಿಯುವ ನದಿಯ ಹೆಸರನ್ನೇ ಇಟ್ಟು ‘ಲಾನ್’ ಎಂಬ ನಗರ ಮಾಡಿದರು. ಜನ ಒಪ್ಪಲಿಲ್ಲ, 1979ರಲ್ಲಿ ಮತ್ತೆ ಬಿಡಿಸಿದರು. ಆದರೂ ಲಾನ್‌ಗೆಂದು ಕೊಟ್ಟಿದ್ದ ‘ಎಲ್’ ಅಕ್ಷರ ಅಲ್ಲಿಯ ಜಿಲ್ಲೆಯ ವಾಹನಗಳ ನಂಬರ್ ಪ್ಲೇಟಿನಲ್ಲಿ 1990ರವರೆಗೂ ಉಳಿಯಿತು. ಆಮೇಲೆ ಎರಡು ಜರ್ಮನಿಗಳು ಒಂದಾದವು, ಅಕ್ಷರ ಲೈಪ್‌ಸಿಗ್ ಪಾಲಾಯಿತು.